ಪಕ್ಕದೂರಿನ ವೋಟು

ಬಸ್ ತಪ್ತು, ಗೀಸರ್ ಕೆಟ್ಟೋಯ್ತು, ಅದ್ರ ಮೇಲೆ ಒಂದು ಲೋಟ ಟೀ ಕೊಟ್ಟಿದ್ದಕ್ಕೂ ನಾನೇ ಬೈಸ್ಕೋಬೇಕೇನೋ, ತೀರ್ಥೇಶ? ಇಲ್ಲಿ ಇಂಗ್ಲೆಂಡಲ್ಲಿ ಶನಿವಾರ ಶನಿವಾರ ಒಂದು ಫುಟ್‌ಬಾಲ್ ಕ್ಲಬ್ಬಿನ ಕ್ಯಾಂಟೀನಲ್ಲಿ ಕೆಲ್ಸ ಮಾಡ್ತೀನಿ. ಇವತ್ತು ಬಂದ ಗಿರಾಕಿ ಪಕ್ಕದೂರಿನೋನು ಅಂತ ಗೊತ್ತಾಗಿದ್ದೇ ತಡ, ಕ್ಯಾಂಟೀನ್ ನೋಡ್ಕೊಳ್ಳೋ ನಮ್ಮ ಮುದುಕ ಹೆರಾಲ್ಡ್ ಅವನ ಕೈಯಿಂದ ಲೋಟ ಕಿತ್ಕೊಂಡ. "ಇವ್ರಿಗೆ ಟೀ ಇಲ್ಲ" ಅಂತ ನಂಗೇ ಬೈದ.

ಕಾರಣ ಕೇಳು. ತೊಂಬತ್ತು ವರ್ಷದ ಹಿಂದೆ ಒಂದು ಸೀಸನ್ನಲ್ಲಿ ಈ ಕ್ಲಬ್ಬು ಕೊನೇ ಸ್ಥಾನಕ್ಕೆ ಬಂತಂತೆ. ಲೀಗಲ್ಲಿ ಉಳೀಬೇಕು ಅಂದ್ರೆ ಬೇರೆ ಕ್ಲಬ್ಬಿನೋರು ವೋಟ್ ಹಾಕ್ಬೇಕಿತ್ತು. ಪಕ್ಕದೂರಿನೋರು ಹಾಕ್ಲಿಲ್ಲ, ಒಂದೇ ವೋಟಲ್ಲಿ ಇವ್ರು ಹೊರಗೆ. ಹೆರಾಲ್ಡ್ ಆಗ ಹುಟ್ಟೇ ಇರ್ಲಿಲ್ಲ!

ನಾನು ನಕ್ಕೆ. "ನಿಂಗೆ ಹಂಗೆ ಮನ್ನಿಸಕ್ಕಾಗ್ದೋನು ಯಾರೂ ಇಲ್ವಾ?" ಅಂದ ಹೆರಾಲ್ಡ್.

ಇದ್ದಾನಲ್ಲ. ನಮ್ಮೂರು ಶಿವನಿಯ ಕಬಡ್ಡಿ ಟೀಮಿಂದ ನನ್ನ ತೆಗೀಬೇಕು ಅಂದಾಗ ಮೊದ್ಲು ಕೈ ಎತ್ತಿದೋನು ನೀನು ಕಣಲೇ. ನಿಂಗೆ ಆಟ ಕಲಿಸಿದ್ದೇ ನಾನು. ಅಜ್ಜಂಪುರದಲ್ಲಿ ನೀವು ಸೋತಾಗ ಖುಷಿಪಟ್ಟೆ. ನಿನ್ನ ಮದ್ವೆಗೂ ಬರ್ಲಿಲ್ಲ. ನೀನು ಫೋನ್ ಮಾಡ್ದಾಗ್ಲೆಲ್ಲ ಕಟ್ ಮಾಡ್ದೆ.

ಹಿಂದೆ ಬರೆದ ಕಾಗ್ದಗಳ ಥರ ಇದನ್ನೂ ಕಳ್ಸಲ್ಲ. ಆದ್ರೂ ಭಾನುವಾರ ನಿಮ್ಮ ಸಾಯಂಕಾಲ ಏಳಕ್ಕೆ ಫೋನ್ ಮಾಡು, ಈ ಸಲ ಕಟ್ ಮಾಡಲ್ಲ.