ಒಣಗದ ಟಾಪು

ರಾಣೇಬೆನ್ನೂರು
೯ ಫೆಬ್ರುವರಿ ೨೦೨೫

ಅಪ್ಪ,

ಎಂಟು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಸಿಟ್ಟಾಗಬೇಡ. ಎತ್ತಿದ್ದರೆ ನೀನು ಊಟ ಆಯಿತೇ ಎಂದು ಕೇಳುತ್ತಿದ್ದೆ, ನಾನು ಆಯಿತು ಅನ್ನುತ್ತಿದ್ದೆ, ಹೇಳಬೇಕಾದದ್ದು ಹಾಗೇ ಉಳಿಯುತ್ತಿತ್ತು. ಎಂಟನೆಯ ತರಗತಿ ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡ.

ರುದ್ರಮುನಿ ಸಾಹುಕಾರರ, ಮಡಚಿ ಬಿಚ್ಚುವ ಬಟ್ಟೆ ಟಾಪಿನ ಕಾರು ಮತ್ತೆ ನಮ್ಮ ಕಾರು ತೊಳೆಯುವ ಅಂಗಡಿಗೆ ಬಂದಿದೆ. ಈ ಸಲ ತಂದವನು ಹೊಸ ಡ್ರೈವರ್. ಎಲ್ಲ ಅವನೇ ಹೇಳಿದ. ಸಾಹುಕಾರರ ಮಗಳ ಮದುವೆಯ ದಿನ ಬೀಗರ ಮುಂದೆ ಟಾಪು ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಕಪ್ಪು ಬೂಸ್ಟು, ಮುಗ್ಗು ವಾಸನೆ. ಇಬ್ಬನಿಯಲ್ಲಿ ನಿಲ್ಲಿಸಿ ಹಸಿಯಾಗಿಯೇ ಮಡಚಿದೆಯಾ ಎಂದು ಸಾಹುಕಾರರು ಕೇಳಿದಾಗ ನೀನು "ಹೌದ್ರಿ, ನಂದ ತಪ್ಪು" ಅಂದೆಯಂತೆ. ಹನ್ನೆರಡು ವರ್ಷ ಅವರ ಕಾರು ಓಡಿಸಿದವನು ಈಗ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದೀಯಂತೆ.

ತಪ್ಪು ನನ್ನದು. ಮದುವೆಗೆ ಮುಂಚೆ ನೀನು ಕಾರು ತಂದುಬಿಟ್ಟ ದಿನ ಟಾಪಿನೊಳಗೆ ಕೂತಿದ್ದ ಮೆಣಸಿನಕಾಯಿ ಧೂಳನ್ನು ಸೀನುತ್ತಲೇ ಮೆತ್ತನೆಯ ಬ್ರಷ್ಷಿನಿಂದ ಜಾಡಿಸಿದೆ, ತೊಳೆದೆ. ಸಂಜೆವರೆಗೂ ಬಿಸಿಲಿಗೆ ಬಿಡು ಎಂದು ಹೇಳಿ ಹನೀಫ್ ಚಾಚಾ ಅಂಗಡಿ ನನ್ನ ಮೇಲೆ ಬಿಟ್ಟು ಹಾವೇರಿಗೆ ಹೋದರು. ಒಂದೇ ಕಡೆ ಕೂರುವುದು ನನ್ನಿಂದ ಆಗುವುದಿಲ್ಲ, ನಿನಗೆ ಗೊತ್ತು. ಗೆಳೆಯರು ಕ್ರಿಕೆಟ್ಟಿಗೆ ಕರೆದಿದ್ದರು. ಮಧ್ಯಾಹ್ನವೇ ಮಡಚಿ ನಿನ್ನನ್ನು ಕರೆಸಿದೆ. ಕೀಲಿ ತೆಗೆದುಕೊಳ್ಳುವಾಗ ನೀನು ಕೇಳಿದೆ: "ಒಣಗೈತೇನಪಾ?"

"ಒಣಗೈತಿ" ಅಂದೆ.

ಒಣಗದ ಮೆಣಸಿನಕಾಯಿ ಚೀಲಕ್ಕೆ ತುಂಬಿದರೆ ಕಪ್ಪಾಗುತ್ತದೆಂದು ಬ್ಯಾಡಗಿಯ ಕೂಸಿಗೂ ಗೊತ್ತು. ನೀನಂತೂ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಬೀಜದ ಸದ್ದು ಕೇಳಿಯೇ ನಂಬುವವನು. ಅವತ್ತು ಟಾಪು ಮುಟ್ಟಿಯೂ ನೋಡಲಿಲ್ಲ. "ನನ್ನ ಮಗ ಸಾಲಿ ಕಲೀಲಿಲ್ಲ ಖರೇ, ಸುಳ್ಳು ಹೇಳಂಗಿಲ್ಲ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡವನಲ್ಲವೇ.

ಚಾಚಾಗೆ ಹೇಳಿದೆ. ಬೈಯಲಿಲ್ಲ. "ನನ್ನ ಮುಂದ ಅತ್ತರ ಏನು ಬಂತು? ಹೇಳೂ ಜಾಗಾ ಬ್ಯಾಡಗ್ಯಾಗ ಐತಿ" ಅಂದರು. ಗುರುವಾರ ಬಂದು ಸಾಹುಕಾರರ ಮುಂದೆ ನಿಂತು ಹೇಳುತ್ತೇನೆ. ಅಡ್ಡ ಬರಬೇಡ.

ಬೆನ್ನಿಗೆ ಅವ್ವನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊ. ಆಶೀರ್ವಾದ ಕೇಳಲು ಈಗ ಮುಖವಿಲ್ಲ, ಹೇಳಿ ಬಂದ ಮೇಲೆ ಕೇಳುತ್ತೇನೆ.

ನಿನ್ನ ಮಗ
ಮೈಲೇಶ

ತಾ.ಕ.: ಅವತ್ತು ಅವಸರದಲ್ಲಿ ಒರೆಸುವ ಹಸಿ ಅರಿವೆಯನ್ನು ಟಾಪಿನ ಮಡಿಕೆಯೊಳಗೇ ಬಿಟ್ಟಿದ್ದೆ. ನನ್ನ ಸಾಲಿ ಅಂಗಿ ಹರಿದು ಮಾಡಿಕೊಂಡದ್ದು. ಈಗ ಹುಡುಕಿದರೆ ಅಲ್ಲಿಲ್ಲ. ಆ ಅಂಗಿಯ ತುಂಡನ್ನು ನೀನು ಮದುವೆ ಮನೆಯಿಂದ ಕಿಸೆಯಲ್ಲಿಟ್ಟುಕೊಂಡು ಬಂದು, ತೊಳೆದು ಒಣಹಾಕಿದೆ ಎಂದು ನಿನ್ನೆ ಅವ್ವ ಫೋನಿನಲ್ಲಿ ಹೇಳಿದಳು. ಹಾಗಾದರೆ "ನಂದ ತಪ್ಪು" ಅನ್ನುವಾಗ ಅದು ನಿನ್ನ ಕಿಸೆಯಲ್ಲೇ ಇತ್ತು.