ಪ್ಲಾಟ್‌ಫಾರಂ ಮೇಲಿನ ಹುಡುಗಿ

ಭಾನುವಾರ, ಮಾರ್ಚ್ ೯

ಇವರ ಕ್ಲಬ್ಬಿನ ಪ್ರದರ್ಶನಕ್ಕೆ ಇವತ್ತು ಮೊದಲ ಸಲ ಹೋದೆ. ಮಗಳು ತೀರಿಕೊಂಡ ವರ್ಷವೇ ಆಟಿಕೆ ರೈಲಿನ ಗೀಳು ಹಚ್ಚಿಕೊಂಡರೆಂದು ಆರು ವರ್ಷ ಹಂಗಿಸಿದ್ದೇನೆ. "ಹೆತ್ತ ಕರುಳಾದ್ರೆ ತಾನೇ ಉರಿಯೋದು" ಎಂದೂ ಅಂದುಬಿಟ್ಟಿದ್ದೆ. ಅವರು ಬಣ್ಣದ ಡಬ್ಬಿ ಎತ್ತಿಕೊಂಡು ಹೊರಟಿದ್ದರು.

ಶಾಲೆಯ ಹಾಲ್‌ನಲ್ಲಿ ಏಳು ಹಲಗೆ ಜೋಡಿಸಿ ಜಪಾನಿನ ಒಂದು ಊರನ್ನೇ ನಿಲ್ಲಿಸಿದ್ದರು. ನಡುವೆ ಇವರು ಕಟ್ಟಿದ ಪುಟ್ಟ ನಿಲ್ದಾಣ. ಪ್ಲಾಟ್‌ಫಾರಂ ಮೇಲೆ ಉಗುರಿನಷ್ಟೆತ್ತರದ ಹುಡುಗಿ. ಎರಡು ಜಡೆ, ಹಳದಿ ಸ್ವೆಟರ್, ಎಡಗಾಲಿನ ಕಾಲುಚೀಲ ಜಾರಿದೆ. ನಮ್ಮವಳೇ.

"ಯಾಕ್ರೀ ನಂಗೆ ಹೇಳ್ಲಿಲ್ಲ?"

"ಅವಳ ಹೆಸರೆತ್ತಿದ್ರೆ ನೀನು ಊಟ ಬಿಡ್ತಿದ್ದೆ. ಜಪಾನಿನ ರೈಲು ಹತ್ತಿಸ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ ಕಣೇ."

ಸುತ್ತು ಬಂದ ರೈಲು ಪ್ರತಿ ಸಲವೂ ಅವಳ ಮುಂದೆ ನಿಂತು, ಅವಳನ್ನು ಬಿಟ್ಟು ಹೊರಡುತ್ತಿತ್ತು. ಆಗೆಲ್ಲ ಇವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಆರು ವರ್ಷ ಆ ಹೊರೆಯನ್ನು ಒಬ್ಬರೇ ಹೊತ್ತರು, ಮೇಲೆ ನನ್ನ ಮಾತಿನ ಏಟು ಬೇರೆ.

ಈಗ ಪಕ್ಕದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ. ಅಂಥ ಮಾತಾಡಿದ ನಾಲಿಗೆಯಲ್ಲಿ ಈಗ ಏನೆಂದು ಕರೆಯಲಿ? ಬೆನ್ನ ಮೇಲೆ ಕೈಯಾದರೂ ಇಟ್ಟರೆ... ಪೆನ್ನು ಕೆಳಗಿಡುತ್ತೇನೆ.