ಬಾಗಿಲ ಕಡೆ ಹೋದ ಕ್ಲಾರಿನೆಟ್

ಅಪ್ಪಾ,

ನೀನು ತೀರಿಹೋದ ಮೇಲೆ ಮೊದಲ ಸಲ, ನಿನ್ನ ಜೊತೆ ನುಡಿಸುತ್ತಿದ್ದ ಡ್ರಮ್ ಮಾಮ ಮನೆಗೆ ಬಂದಿದ್ದರು. ನಿಮ್ಮ ಜಾಜ್ ತಂಡದ ಆ ರೆಕಾರ್ಡ್ ಹಾಕಿದೆ, ನಾನು ಹುಟ್ಟಿದ ಸಂಜೆಯದ್ದು. "ನುಡಿಸ್ತಾ ಇದ್ದೆ ಕಣೇ, ಮಧ್ಯದಲ್ಲಿ ಹೇಗೆ ಎದ್ದು ಬರ್ಲಿ?" ಎನ್ನುತ್ತಿದ್ದೆಯಲ್ಲ, ಅದೇ. ಸ್ಟುಡಿಯೋದಿಂದ ಎರಡೇ ಬೀದಿಯಾಚೆಯ ಆಸ್ಪತ್ರೆಗೆ ನೀನು ಬಂದದ್ದು ಮರುದಿನ ಬೆಳಗ್ಗೆ. ರೆಕಾರ್ಡ್ ಶುರುವಾದೊಡನೆ ಅಮ್ಮ ಎಂದಿನಂತೆ ಅಡುಗೆಮನೆಗೆ ಎದ್ದು ಹೋದಳು.

"ಇಲ್ಲಿ ಅಪ್ಪ ಕ್ಲಾರಿನೆಟ್ ಇಟ್ಟು ಸೊಪ್ರಾನೊ ಸ್ಯಾಕ್ಸೊಫೋನ್ ಎತ್ತಿಕೊಂಡಿದ್ದು," ಎಂದೆ.

ಮಾಮ ನಕ್ಕರು. "ಸರಿಯಾಗಿ ಕೇಳಮ್ಮ. ಕ್ಲಾರಿನೆಟ್ ನಿಲ್ಲೋಕೆ ಮುಂಚೆನೇ ಸ್ಯಾಕ್ಸೊಫೋನ್ ಬಂತು. ಒಂದೇ ಬಾಯಲ್ಲಿ ಎರಡೂ ಆಗುತ್ತಾ? ಹೆಣ್ಣುಮಗು ಅಂತ ಸ್ಟುಡಿಯೋ ಗಾಜಿನಾಚೆಯಿಂದ ಚೀಟಿ ತೋರಿಸಿದ್ರು. ನಿಮ್ಮಪ್ಪ ಕೊನೇ ಸ್ವರ ಎಳೀತಾನೇ ಬಾಗಿಲ ಕಡೆ ಹೊರಟ. ಅವನ ಸ್ಯಾಕ್ಸೊಫೋನ್ ಪಕ್ಕದವನು ಎತ್ಕೊಂಡ."

ಕ್ಲಾರಿನೆಟ್ಟಿನ ಆ ಕೊನೆಯ ಸ್ವರ ಸಣ್ಣಗಾಗುವುದು ನಿನ್ನ ಉಸಿರಿನ ಹಿಡಿತವೆಂದು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೆ! ನೀನು ದೂರ ಹೋಗುತ್ತಿದ್ದೆ, ಅಷ್ಟೇ.

ಹಾಗಾದರೆ ಬೆಳಗಿನವರೆಗೆ ಎಲ್ಲಿದ್ದೆ? ಮಾಮನಿಗೂ ಗೊತ್ತಿಲ್ಲ. ಹೆದರಿದೆಯಾ? ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತಿದ್ದೆಯಾ? ಬೇರೆ ಯಾರದಾದರೂ ಮನೆಯಲ್ಲಾ? ಮತ್ತೆ ಮತ್ತೆ ಹಾಕಿ ಕೇಳಿದೆ. ಕೇಳಿದಷ್ಟೂ ತಲೆ ಕೆಟ್ಟುಹೋಗುತ್ತಿದೆ.

ಮಾಮ ಹೋದ ಮೇಲೆ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಇಷ್ಟು ವರ್ಷದಲ್ಲಿ ಆ ರೆಕಾರ್ಡ್ ಬಗ್ಗೆ ಅವಳು ಏನನ್ನೂ ಕೇಳಿದವಳಲ್ಲ.

"ಕೊನೇವರೆಗೂ ಅವರೇ ನುಡಿಸಿದ್ದಾ?"

"ಹೂಂ ಅಮ್ಮ," ಎಂದೆ. "ಕೊನೇವರೆಗೂ."